ಗಾಜಿನ ನಾರಿನಿಂದ ಕಾರಿನ ದೀಪಕ್ಕೊಂದು ಕಟ್ಟು

ಪಡುವಣ ಕಡಲ ದಂಡೆಯಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಬೈಂದೂರಿನಿಂದ ಹೊರಟು ಕುಂದಾಪುರವನ್ನು ಹಾದು ಬ್ರಹ್ಮಾವರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಗಾಳಿಯೇ ಉಪ್ಪನ್ನು ಹೊತ್ತು ತರುತ್ತದೆ. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ ಇರುವ ಮರವಂತೆಯಲ್ಲಿ ಇದು ತುಟಿಗೇ ತಿಳಿಯುವಷ್ಟು ಸ್ಪಷ್ಟ. ಉಪ್ಪು ಕರಗಿದ ನೀರಿನ ತೆಳು ಪೊರೆಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ತುಕ್ಕು ಹಿಡಿಯುವ ಕ್ರಿಯೆಗೆ ವೇಗ ಹೆಚ್ಚುತ್ತದೆ. ಕಾರಿನಲ್ಲಿ ಇದರ ಪೆಟ್ಟನ್ನು ಮೊದಲು ತಿನ್ನುವ ಭಾಗಗಳಲ್ಲೊಂದು ಹೆಡ್‌ಲೈಟಿನ ಸುತ್ತಲಿನ ಲೋಹದ ಕಟ್ಟು. ಕನ್ನಡಕದ ಗಾಜಿಗೆ ಕಟ್ಟು ಇರುವಂತೆ ದೀಪಕ್ಕೂ ಒಂದು ಕಟ್ಟುಂಟು. ಅದರ ಸಂದಿಯಲ್ಲಿ ನೀರು ನಿಲ್ಲುತ್ತದೆ, ಕೆಲವೇ ಮಳೆಗಾಲಗಳಲ್ಲಿ ಹೊಳಪು ಹೋಗಿ ತೂತು ಬೀಳುತ್ತದೆ. ಕಾರು ಹಳೆಯದಾದರೆ ಹೊಸ ಕಟ್ಟು ದೊರೆಯುವುದೂ ಕಷ್ಟ. ಅಂಬಾಸಡರ್ ಕಾರಿನ ತಯಾರಿಕೆಯೇ 2014ರಲ್ಲಿ ನಿಂತುಹೋಯಿತಷ್ಟೆ.

ಅದೇ ಉಪ್ಪುಗಾಳಿಯಲ್ಲಿ, ಅಷ್ಟೇಕೆ, ಉಪ್ಪುನೀರಿನಲ್ಲಿಯೇ ವರ್ಷಗಟ್ಟಲೆ ಇದ್ದರೂ ತುಕ್ಕು ಹಿಡಿಯದ ವಸ್ತುವೊಂದನ್ನು ಗಂಗೊಳ್ಳಿಯ ಬಂದರಿನಲ್ಲಿ ಯಾರಾದರೂ ನೋಡಬಹುದು. ಮೀನುಗಾರರು ಅದನ್ನು ‘ಫೈಬರ್’ ಎನ್ನುತ್ತಾರೆ. ಇಡಿಯ ದೋಣಿಯನ್ನೇ ಅದರಿಂದ ಎರೆಯುವುದುಂಟು; ಮರದ ದೋಣಿಗೆ ಅದರ ಹೊದಿಕೆ ಹಾಕುವುದೂ ಉಂಟು. ದೋಣಿಯ ಗಾಯಕ್ಕೆ ಹಚ್ಚುವ ಅದೇ ಚಾಪೆ, ಅದೇ ಅಂಟಿನಿಂದ ಕಾರಿನ ದೀಪಕ್ಕೆ ಬೇಕಾದ ಆಕಾರದ ಕಟ್ಟನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಇದಕ್ಕೆ ಕುಲುಮೆ ಬೇಡ, ಯಂತ್ರ ಬೇಡ. ಆದರೆ ಆರಂಭಿಸುವ ಮುನ್ನ ಒಂದು ಮಾತನ್ನು ಮನಗಾಣಬೇಕು. ತಗಡನ್ನು ಬಡಿದು ಪಾತ್ರೆ ಮಾಡುವವನು ಸಿದ್ಧವಾದ ಲೋಹಕ್ಕೆ ಆಕಾರ ಕೊಡುತ್ತಾನೆ. ಲೋಹದ ಗುಣಕ್ಕೆ ಕಾರ್ಖಾನೆ ಹೊಣೆ. ಫೈಬರ್ ಗ್ಲಾಸಿನಲ್ಲಿ ವಸ್ತುವೂ ಆಕಾರವೂ ಒಟ್ಟಿಗೇ ಹುಟ್ಟುತ್ತವೆ. ಮಾಡುವವನೇ ಕಾರ್ಖಾನೆ. ಆದುದರಿಂದ ವಸ್ತುವಿನ ಬಲವೂ, ಅದನ್ನು ಮಾಡುವಾಗಿನ ಅಪಾಯವೂ ಅವನ ಕೈಯಲ್ಲಿಯೇ ಇವೆ.

ಒಡೆಯುವ ಗಾಜು ಬಲಿಷ್ಠವಾದ ಬಗೆ

ಗಾಜೆಂದೊಡನೆ ನೆನಪಾಗುವುದು ಅದರ ಭಂಗುರತೆ. ಆದರೆ ಈ ಭಂಗುರತೆಗೆ ಗಾಜಿನ ಅಣುಗಳ ನಡುವಣ ಬಂಧ ಕಾರಣವಲ್ಲ. ಮೈಮೇಲಿರುವ, ಕಣ್ಣಿಗೆ ಕಾಣದ ಬಿರುಕುಗಳು ಕಾರಣ. ಗಾಜನ್ನು ಎಳೆದಾಗ ಎಳೆತವೆಲ್ಲವೂ ಬಿರುಕಿನ ತುದಿಯಲ್ಲಿ ಬಂದು ಕೂಡುತ್ತದೆ. ಬಟ್ಟೆಯ ಅಂಚಿನಲ್ಲಿ ತುಸು ಕತ್ತರಿಸಿ ಹರಿದರೆ ಅಲ್ಲಿಂದಲೇ ಸರ್ರನೆ ಹರಿಯುವಂತೆ. ಇಂಗ್ಲೆಂಡಿನ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಈ ವಿಷಯವನ್ನು ಪ್ರಯೋಗಗಳಿಂದ ತೋರಿಸಿದನು. ಸುಮಾರು ಒಂದು ಮಿಲಿಮೀಟರ್ ವ್ಯಾಸದ ಗಾಜಿನ ಕಡ್ಡಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1,750 ಕಿಲೋಗ್ರಾಂ ಎಳೆತವನ್ನು ತಡೆಯಿತು. ಅದೇ ಗಾಜನ್ನು ಮಿಲಿಮೀಟರಿನ ಮುನ್ನೂರರಲ್ಲಿ ಒಂದು ಪಾಲಿನಷ್ಟು ತೆಳ್ಳಗಿನ ಎಳೆಯಾಗಿ ಎಳೆದಾಗ ಆ ಅಂಕಿ ಸುಮಾರು 34,500ಕ್ಕೆ ಏರಿತು. ಇದು ಹತ್ತಿರ ಹತ್ತಿರ ಇಪ್ಪತ್ತು ಪಟ್ಟು. ತೆಳುವಾದ ಎಳೆಯಲ್ಲಿ ದೊಡ್ಡ ಬಿರುಕಿಗೆ ಎಡೆಯೇ ಇಲ್ಲವೆಂಬುದು ಇದರ ಗುಟ್ಟು.

ಆದರೆ ಬರಿಯ ಎಳೆಗಳ ಕಟ್ಟಿನಿಂದ ದೋಣಿಯಾಗಲಿ ದೀಪದ ಕಟ್ಟಾಗಲಿ ಆಗದು. ಎಳೆ ಎಳೆತವನ್ನು ತಡೆದೀತು, ಒತ್ತಡಕ್ಕೆ ಬಾಗುತ್ತದೆ. ಮೇಲಾಗಿ ಎಳೆಗಳು ಒಂದನ್ನೊಂದು ಉಜ್ಜಿದರೆ ಹೊಸ ಬಿರುಕುಗಳು ಹುಟ್ಟುತ್ತವೆ. ಅವುಗಳನ್ನು ಸ್ಥಳದಲ್ಲಿ ಹಿಡಿದು, ಒಂದರ ಹೊರೆಯನ್ನು ಇನ್ನೊಂದಕ್ಕೆ ಹಂಚಿ, ಮೈಯನ್ನು ಕಾಯುವ ಜೊತೆಗಾರ ಬೇಕು. ಆ ಜೊತೆಗಾರನೇ ರಾಳ. ರಾಳವೊಂದೇ ಆದರೆ ಅದೂ ಸುಲಭವಾಗಿ ಸೀಳುವ ವಸ್ತು. ಎಳೆಗಳಿದ್ದಾಗ ಸೀಳು ಎಳೆಯವರೆಗೆ ಬಂದು ಅಲ್ಲಿ ದಿಕ್ಕು ತಪ್ಪಿ ನಿಲ್ಲುತ್ತದೆ. ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಬತ್ತದ ಹುಲ್ಲನ್ನು ಸೇರಿಸಿ ತುಳಿಯುತ್ತಿದ್ದುದೂ ಇದೇ ಉದ್ದೇಶದಿಂದ.

ಈ ಜೋಡಿಯನ್ನು ಕಾರಿನ ಮೈಗೆ ಬಳಸುವುದು ಹೊಸತಲ್ಲ. ಅಮೆರಿಕದಲ್ಲಿ 1953ರಲ್ಲಿ ತಯಾರಾದ ಮೊದಲ 300 ಷೆವರ್ಲೆ ಕಾರ್ವೆಟ್ ಕಾರುಗಳ ಮೈ ಫೈಬರ್ ಗ್ಲಾಸಿನದು. ನಮ್ಮ ಬೆಂಗಳೂರಿನಲ್ಲಿಯೇ 1970ರ ದಶಕದಲ್ಲಿ ಮೂರು ಗಾಲಿಯ ‘ಬಾದಲ್’ ಕಾರನ್ನೂ, 1982ರಿಂದ ‘ಡಾಲ್ಫಿನ್’ ಕಾರನ್ನೂ ಇದೇ ವಸ್ತುವಿನ ಮೈಯೊಂದಿಗೆ ತಯಾರಿಸಿದರು. ಇದರ ಲಾಭವನ್ನು ಲೆಕ್ಕದಿಂದ ನೋಡೋಣ. ಚಾಪೆಯಿಂದ ಮಾಡಿದ ಫೈಬರ್ ಗ್ಲಾಸಿನ ಯಂಗ್‌ನ ಗುಣಾಂಕ ಉಕ್ಕಿನದರ ಸುಮಾರು ಮೂವತ್ತರಲ್ಲಿ ಒಂದು ಪಾಲು ಮಾತ್ರ. ಆದರೆ ಹಲಗೆಯ ಬಿಗುವು ಅದರ ದಪ್ಪದ ಘನದಂತೆ ಏರುತ್ತದೆ. 30ರ ಘನಮೂಲ ಸುಮಾರು 3.1. ಅಂದರೆ 0.8 ಮಿ.ಮೀ. ಉಕ್ಕಿನ ತಗಡಿನಷ್ಟು ಬಿಗುವಾಗಿರಲು ಫೈಬರಿನ ಹಲಗೆ 2.5 ಮಿ.ಮೀ. ಇದ್ದರೆ ಸಾಕು. ಆ ತಗಡು ಚದರ ಮೀಟರಿಗೆ 6.2 ಕಿಲೋಗ್ರಾಂ ತೂಗಿದರೆ, ಈ ಹಲಗೆ ಸುಮಾರು 3.6 ಕಿಲೋಗ್ರಾಂ ತೂಗುತ್ತದೆ.

ರಾಳ ಗಟ್ಟಿಯಾಗುವುದು ಒಣಗಿಯಲ್ಲ

ಅಂಗಡಿಯಲ್ಲಿ ದೊರೆಯುವ ಪಾಲಿಯೆಸ್ಟರ್ ರಾಳ ಜೇನಿನಂತೆ ಮಂದವಾದ ದ್ರವ. ಅದರಲ್ಲಿ ಉದ್ದನೆಯ ಪಾಲಿಯೆಸ್ಟರ್ ಸರಪಳಿಗಳು ಸ್ಟೈರೀನ್ ಎಂಬ ತೆಳು ದ್ರವದಲ್ಲಿ ಕರಗಿರುತ್ತವೆ. ಬಣ್ಣ ಒಣಗುವಂತೆ ಇದು ದ್ರವ ಆವಿಯಾಗಿ ಗಟ್ಟಿಯಾಗುವುದಿಲ್ಲ. ಸ್ಟೈರೀನಿನ ಅಣುಗಳೇ ಸರಪಳಿಯಿಂದ ಸರಪಳಿಗೆ ಸೇತುವೆ ಕಟ್ಟಿ, ಇಡಿಯ ರಾಶಿಯನ್ನು ಒಂದೇ ಬಲೆಯನ್ನಾಗಿ ಹೆಣೆಯುತ್ತವೆ. ಒಮ್ಮೆ ಹೆಣೆದ ಈ ಬಲೆಯನ್ನು ಕಾಯಿಸಿ ಮತ್ತೆ ಕರಗಿಸಲಾಗದು.

ಈ ಕೆಲಸವನ್ನು ಆರಂಭಿಸುವುದು ಒಂದು ಪೆರಾಕ್ಸೈಡ್. ಅದರ ಪೂರ್ಣ ಹೆಸರು ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್; ಅಂಗಡಿಯವರು ‘ಹಾರ್ಡನರ್’ ಎಂದು ಕೊಡುವ, ನೀರಿನಂತೆ ತಿಳಿಯಾದ ದ್ರವ ಅದೇ. ನಮ್ಮ ಊರಿನ ಸಾಧಾರಣ ಉಷ್ಣತೆಯಲ್ಲಿ ಪೆರಾಕ್ಸೈಡ್ ಬೇಗನೆ ಒಡೆದು ಕೆಲಸಕ್ಕೆ ತೊಡಗಲು ನೇರಳೆ ಬಣ್ಣದ ಕೋಬಾಲ್ಟ್ ದ್ರಾವಣವೊಂದನ್ನೂ ರಾಳಕ್ಕೆ ಬೆರೆಸಿರಬೇಕಾಗುತ್ತದೆ.

ಇಲ್ಲಿಯೇ ಈ ಕೈಗೆಲಸದ ದೊಡ್ಡ ಅಪಾಯ ಅಡಗಿದೆ. ಕೋಬಾಲ್ಟ್ ಮತ್ತು ಪೆರಾಕ್ಸೈಡ್ ಇವೆರಡನ್ನೂ ನೇರವಾಗಿ ಒಂದಕ್ಕೊಂದು ಎಂದಿಗೂ ಬೆರೆಸಕೂಡದು. ಬೆರೆಸಿದರೆ ಪೆರಾಕ್ಸೈಡ್ ಒಮ್ಮೆಲೇ ಒಡೆದು ಉರಿಯಬಹುದು, ಸಿಡಿಯಬಹುದು. ಕೋಬಾಲ್ಟನ್ನು ಮೊದಲೇ ಸೇರಿಸಿದ ರಾಳವನ್ನೇ ಕೇಳಿ ಕೊಳ್ಳುವುದು ಎಲ್ಲಕ್ಕಿಂತ ಮೇಲು. ಹಾಗೆ ದೊರೆಯದಿದ್ದರೆ ಕೋಬಾಲ್ಟನ್ನು ರಾಳದಲ್ಲಿ ಚೆನ್ನಾಗಿ ಕಲಸಿ, ಅದು ಪೂರಾ ಬೆರೆತ ತರುವಾಯವೇ ಪೆರಾಕ್ಸೈಡನ್ನು ಹಾಕಬೇಕು. ಎರಡಕ್ಕೂ ಬೇರೆ ಬೇರೆ ಅಳತೆಯ ಸಿರಿಂಜು, ಬೇರೆ ಬೇರೆ ಕಪಾಟು. ಪೆರಾಕ್ಸೈಡಿನ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕಣ್ಣನ್ನು ಪೂರ್ತಿ ಮುಚ್ಚುವ ರಕ್ಷಣಾ ಕನ್ನಡಕವನ್ನು ಧರಿಸದೆ ಆ ಬಾಟಲಿಯ ಮುಚ್ಚಳವನ್ನು ತೆಗೆಯಲೇಕೂಡದು. ಸಿಡಿದರೆ ಆ ಕ್ಷಣವೇ ಹರಿಯುವ ನೀರಿನಲ್ಲಿ ಕಣ್ಣನ್ನು ಬಿಡಿಸಿ ಹಿಡಿದು ಕನಿಷ್ಠ ಹದಿನೈದು ನಿಮಿಷ ತೊಳೆದು, ವೈದ್ಯರ ಬಳಿಗೆ ಧಾವಿಸಬೇಕು. ನೀರಿನ ಬಕೆಟ್ಟು ಕೆಲಸದ ಜಾಗದಲ್ಲಿ ಮೊದಲೇ ಇರತಕ್ಕದ್ದು.

ಇನ್ನೊಂದು ಅಂಕಿಯನ್ನು ಕರಾವಳಿಯವರು ವಿಶೇಷವಾಗಿ ನೆನಪಿಡಬೇಕು. ಸ್ಟೈರೀನಿನ ಆವಿ ಕಿಡಿ ತಾಗಿದೊಡನೆ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ ಸುಮಾರು 31 ಡಿಗ್ರಿ ಸೆಂಟಿಗ್ರೇಡ್. ಚಳಿಯ ದೇಶದಲ್ಲಿ ಬರೆದ ಪುಸ್ತಕಕ್ಕೆ ಇದು ದೊಡ್ಡ ಉಷ್ಣತೆ. ಕುಂದಾಪುರದ ಏಪ್ರಿಲ್ ತಿಂಗಳಿನ ಮಧ್ಯಾಹ್ನಕ್ಕೆ ಇದು ನಿತ್ಯದ ಮಾತು. ಈ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರವಾದುದರಿಂದ ನೆಲದ ಮೇಲೆಯೇ ಹರಿದು ಹೋಗುತ್ತದೆ. ಒಲೆ, ಬೀಡಿ, ದೀಪ ಇರುವಲ್ಲಿ, ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಸಲ್ಲದು. ಗಾಳಿಯಾಡುವ ಜಗಲಿ, ಬೆಳಗಿನ ತಂಪು ಹೊತ್ತು, ಸಾವಯವ ಆವಿಯನ್ನು ತಡೆಯುವ ಮುಖವಾಡ, ಕೈಗವಸು, ಇವು ಬೇಕು.

ಅಚ್ಚು

ಒಂದೇ ಒಂದು ಒಳ್ಳೆಯ ಕಟ್ಟು ಉಳಿದಿದ್ದರೆ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದು. ಹೊಸ ಆಕಾರ ಬೇಕೆಂದರೆ ಮರದಿಂದಾಗಲಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದಾಗಲಿ ಮಾದರಿಯನ್ನು ಕೆತ್ತಬೇಕು. ಕಡಿಮೆ ಬೆಲೆಯ ಥರ್ಮೊಕೋಲು ಕಣ್ಣಿಗೆ ಬಿದ್ದರೂ ಅದನ್ನು ಮುಟ್ಟದಿರುವುದು ಲೇಸು. ಥರ್ಮೊಕೋಲೆಂದರೆ ಸ್ಟೈರೀನಿನಿಂದಲೇ ಆದ ಪಾಲಿಸ್ಟೈರೀನ್. ಹಸಿ ರಾಳ ತಾಗಿದೊಡನೆ ಅದರೊಳಗಿನ ಸ್ಟೈರೀನಿನಲ್ಲಿ ಮಂಜಿನಂತೆ ಕರಗಿ ಮಾಯವಾಗುತ್ತದೆ. ಪ್ಲಾಸ್ಟರಿನ ಮಾದರಿಯಾದರೆ ಅದನ್ನು ಪೂರ್ತಿ ಒಣಗಿಸಿ, ಅರಗಿನ ವಾರ್ನಿಷನ್ನು ಎರಡು ಮೂರು ಬಾರಿ ಬಳಿದು, ರಂಧ್ರಗಳನ್ನು ಮುಚ್ಚಿ ನುಣುಪು ಮಾಡಬೇಕು. ಮಾದರಿಯಲ್ಲಿ ಉಳಿದ ಒಂದೊಂದು ಗೀರೂ ಕೊನೆಯ ವಸ್ತುವಿನಲ್ಲಿ ಮೂಡುತ್ತದೆ.

ಮಾದರಿಯ ಗೋಡೆಗಳು ನೆಟ್ಟಗಿರಕೂಡದು. ಇಡ್ಲಿಯ ತಟ್ಟೆಯಂತೆ ಹೊರಕ್ಕೆ ತುಸು ಓರೆಯಾಗಿರಬೇಕು. ಇಲ್ಲದಿದ್ದರೆ ಎರೆದುದು ಅಚ್ಚಿನಿಂದ ಬಿಡಿಸಿಕೊಳ್ಳದು. ಮೂಲೆಗಳು ದುಂಡಾಗಿರಬೇಕು, ಗಾಜಿನ ನಾರು ಚೂಪಾದ ಮೂಲೆಗೆ ಬಾಗದೆ ಅಲ್ಲಿ ಗಾಳಿಯ ಪೊಳ್ಳನ್ನು ಬಿಡುತ್ತದೆ. ದೀಪ ದುಂಡಗಿಲ್ಲದ ಕಾರಿನಲ್ಲಿ ಇನ್ನೊಂದು ವಿಚಾರವೂ ಉಂಟು. ಎಡದ ಕಟ್ಟು ಬಲದ ಕಟ್ಟಿನ ಕನ್ನಡಿಯ ಪ್ರತಿಬಿಂಬ. ಎಡಗಾಲಿನ ಚಪ್ಪಲಿಯನ್ನು ಹೇಗೆ ತಿರುಗಿಸಿದರೂ ಬಲಗಾಲಿಗೆ ಆಗದಷ್ಟೆ. ಆದುದರಿಂದ ಎರಡು ಮಾದರಿ, ಎರಡು ಅಚ್ಚು ಬೇಕಾಗುತ್ತವೆ.

ಹಲಸಿನ ಹಣ್ಣನ್ನು ಬಿಡಿಸುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವುದನ್ನು ನಮ್ಮಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಅಚ್ಚಿಗೂ ಅಂಥದೇ ಉಪಚಾರ. ಇದಕ್ಕಾಗಿಯೇ ದೊರೆಯುವ ಮೇಣವನ್ನು ತೆಳ್ಳಗೆ ಹಚ್ಚಿ, ಒಣಗಿಸಿ, ಉಜ್ಜಿ, ಹೀಗೆ ನಾಲ್ಕಾರು ಸಲ ಮಾಡಬೇಕು. ಮಾದರಿಯ ಮೇಲೆ ಚಾಪೆ ಮತ್ತು ರಾಳವನ್ನು ದಪ್ಪವಾಗಿ ಹಾಸಿ ಗಟ್ಟಿಯಾದ ಮೇಲೆ ಬಿಡಿಸಿದರೆ ಅದೇ ಅಚ್ಚು. ಅಚ್ಚಿನ ಒಳಮೈಗೆ ಮತ್ತೆ ಮೇಣದ ಉಪಚಾರ ನಡೆಸಿ, ಅದರೊಳಗೆ ನಿಜವಾದ ಕಟ್ಟನ್ನು ಹಾಸಬೇಕು. ಮಾದರಿಯನ್ನು ಕಾರಿನ ಮೇಲೆಯೇ ಇಟ್ಟು ರಾಳ ಬಳಿಯುವ ಆತುರ ಬೇಡ. ಈಗಿನ ಕಾರುಗಳ ದೀಪದ ಮುಚ್ಚಳ ಗಾಜಲ್ಲ, ಪಾಲಿಕಾರ್ಬೊನೇಟ್. ಸ್ಟೈರೀನ್ ಅಥವಾ ಅಸಿಟೋನ್ ತಾಗಿದರೆ ಅದು ಮಂಕಾಗಿ ಬಿರುಕುಬಿಡುತ್ತದೆ.

ಅಳತೆ ಮತ್ತು ಹಾಸುವಿಕೆ

ಕಟ್ಟಿನ ಹರವು 600 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪೆಯನ್ನು ಎರಡು ಪದರ ಹಾಸಿದರೆ ಗಾಜು 54 ಗ್ರಾಂ ಆಯಿತು. ಕೈಯಿಂದ ಹಾಸುವಾಗ ಗಾಜು 30 ಪಾಲು, ರಾಳ 70 ಪಾಲು ಎಂಬುದು ಒಳ್ಳೆಯ ಪ್ರಮಾಣ. ಹಾಗಾದರೆ ರಾಳ 126 ಗ್ರಾಂ. ಎರಡು ಪದರ ಸೇರಿ ಸುಮಾರು 2 ಮಿ.ಮೀ. ದಪ್ಪ ಬರುತ್ತದೆ. ಕುಂಚದಲ್ಲಿ ಉಳಿಯುವುದನ್ನೂ ಸೇರಿಸಿ 150 ಗ್ರಾಂ ಕಲಸಿದರೆ ಸಾಕು. ಪೆರಾಕ್ಸೈಡಿನ ಪ್ರಮಾಣ ತಯಾರಕರ ಸೂಚನೆಯಂತೆ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು. ಒಂದರಂತೆ ಆದರೆ ಒಂದೂವರೆ ಗ್ರಾಂ. ಕಣ್ಣಂದಾಜಿನಲ್ಲಿ ಸುರಿಯುವುದು ಇಲ್ಲಿ ನಡೆಯದು. ಕಡಿಮೆಯಾದರೆ ಬಲೆ ಅರ್ಧಕ್ಕೆ ನಿಂತು ವಸ್ತು ಎಂದೆಂದಿಗೂ ಮೆತ್ತಗೆ ಉಳಿಯುತ್ತದೆ. ಹೆಚ್ಚಾದರೆ ಕಾವೇರಿ ಬಿರಿಯುತ್ತದೆ.

ಮೊದಲು ಅಚ್ಚಿನ ಮೈಗೆ ‘ಜೆಲ್ ಕೋಟ್’ ಎಂಬ ಬಣ್ಣ ಬೆರೆತ ದಪ್ಪ ರಾಳವನ್ನು ಅರ್ಧ ಮಿಲಿಮೀಟರಿನಷ್ಟು ಬಳಿಯಬೇಕು. ನಾಳೆ ಹೊರಗೆ ಕಾಣುವ ಮೈ ಇದೇ. ಕೈಗವಸಿನ ಬೆರಳಿನಿಂದ ಮುಟ್ಟಿದರೆ ಅಂಟಿದಂತೆನಿಸಿದರೂ ಬೆರಳಿಗೆ ಬಾರದಿರುವ ಹದ ಬಂದಾಗ, ಅದರ ಮೇಲೆ ರಾಳ ಹಚ್ಚಿ ಚಾಪೆಯ ತುಂಡನ್ನು ಇಟ್ಟು, ಕುಂಚದ ತುದಿಯಿಂದ ಕುಟ್ಟುತ್ತಾ ಹೋಗಬೇಕು. ಬಣ್ಣ ಬಳಿಯುವಂತೆ ಎಳೆದರೆ ಎಳೆಗಳು ಕಿತ್ತುಬರುತ್ತವೆ.

ಈಗ ಕಣ್ಣೆದುರಿಗೆ ನಡೆಯುವುದನ್ನು ಭೌತಶಾಸ್ತ್ರದ ವಿದ್ಯಾರ್ಥಿ ಸಂತೋಷದಿಂದ ನೋಡುತ್ತಾನೆ. ಹಾಲಿನಂತೆ ಬಿಳುಪಾಗಿದ್ದ ಚಾಪೆ ಕ್ರಮೇಣ ಕಾಣದಂತಾಗುತ್ತದೆ! ಗಾಜಿನ ವಕ್ರೀಭವನಾಂಕ ಸುಮಾರು 1.55, ಗಾಳಿಯದು 1. ಒಂದೊಂದು ಎಳೆಯ ಮೈಯಲ್ಲಿಯೂ ಬೆಳಕು ಚದುರುವುದರಿಂದ ಒಣ ಚಾಪೆ ಬಿಳುಪು. ರಾಳದ ವಕ್ರೀಭವನಾಂಕ ಗಾಜಿನದಕ್ಕೆ ಬಹಳ ಹತ್ತಿರ. ಎಳೆಗಳ ನಡುವಣ ಗಾಳಿಯನ್ನು ಹೊರದೂಡಿ ರಾಳ ತುಂಬಿದಾಗ ಬೆಳಕು ಚದುರದೆ ನೇರವಾಗಿ ಹಾಯುತ್ತದೆ. ಎಣ್ಣೆ ತಾಗಿದ ಕಾಗದ ಪಾರಕವಾಗುವುದೂ ಹೀಗೆಯೇ. ಆದುದರಿಂದ ಎಲ್ಲಿ ಬಿಳಿಯ ಮಚ್ಚೆ ಉಳಿದಿದೆಯೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಅಲ್ಲಿ ಎಳೆಯೂ ರಾಳವೂ ಒಂದಕ್ಕೊಂದು ಅಂಟಿಲ್ಲ. ನಾಳೆ ಒಡೆಯುವುದೂ ಅಲ್ಲಿಂದಲೇ. ಕುಟ್ಟಿ, ಉರುಳುಕಡ್ಡಿಯಿಂದ ಒತ್ತಿ ಆ ಗಾಳಿಯನ್ನು ಹೊರಡಿಸಬೇಕು. ಆ ಮೇಲೆ ಎರಡನೆಯ ಪದರ.

ನೀರು ಈ ಬಂಧದ ವೈರಿ. ತೇವದ ಎಳೆಗೆ ರಾಳ ಸರಿಯಾಗಿ ಅಂಟದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಗಾಳಿಯಲ್ಲಿ ತೇವ ತುಂಬಿರುವಾಗ ಚಾಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಕು. ಕೆಲಸವನ್ನು ಡಿಸೆಂಬರ್ ಜನವರಿಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಲೋಟದಲ್ಲಿ ಉಳಿದ ರಾಳ

ರಾಳದ ಬಲೆ ಹೆಣೆಯುವಾಗ ಶಾಖ ಹೊರಬರುತ್ತದೆ. 150 ಗ್ರಾಂ ರಾಳದ ಗಾತ್ರ ಸುಮಾರು 125 ಘನ ಸೆಂಟಿಮೀಟರ್. ಅದು ಐದು ಸೆಂಟಿಮೀಟರಿನ ಘನಾಕೃತಿಯಲ್ಲಿ ನಿಂತರೆ ಅದರ ಹೊರಮೈ 150 ಚದರ ಸೆಂಟಿಮೀಟರ್. ಅದನ್ನೇ 2 ಮಿ.ಮೀ. ದಪ್ಪದ ಹಾಳೆಯಾಗಿ ಹರಡಿದರೆ ಎರಡು ಮೈಗಳೂ ಸೇರಿ 1,250. ಹುಟ್ಟುವ ಶಾಖ ಎರಡರಲ್ಲಿಯೂ ಒಂದೇ, ಹೊರಹೋಗುವ ದಾರಿ ಮಾತ್ರ ಎಂಟು ಪಟ್ಟು ಹೆಚ್ಚು. ಆದುದರಿಂದ ಅಚ್ಚಿನಲ್ಲಿ ಹಾಸಿದುದು ಬೆಚ್ಚಗಾಗುವಷ್ಟರಲ್ಲಿ ಲೋಟದಲ್ಲಿ ಉಳಿದುದು ಹೊಗೆಯಾಡಬಹುದು. ಕಾವೇರಿದರೆ ಕ್ರಿಯೆ ವೇಗವಾಗುತ್ತದೆ; ವೇಗವಾದರೆ ಕಾವು ಇನ್ನೂ ಏರುತ್ತದೆ. ಉಳಿದ ರಾಳವನ್ನು ಹಳೆಯ ತಗಡಿನ ಮೇಲೆ ತೆಳ್ಳಗೆ ಹರಡಿ, ಬಯಲಿನಲ್ಲಿ ಗಟ್ಟಿಯಾಗಲು ಬಿಡಬೇಕು. ಹಸಿಯಾಗಿಯೇ ತೋಡಿಗೋ ಹೊಳೆಗೋ ಚೆಲ್ಲಕೂಡದು.

ಮರುದಿನ ಕಟ್ಟನ್ನು ಅಚ್ಚಿನಿಂದ ಬಿಡಿಸಿ ಅಂಚನ್ನು ಗರಗಸದ ಅಲಗಿನಿಂದ ಕತ್ತರಿಸಬಹುದು. ಉಜ್ಜುವಾಗ ಏಳುವ ಗಾಜಿನ ಧೂಳು ಗಂಟಲಿಗೂ ಕಣ್ಣಿಗೂ ಕೇಡು. ನೀರಿನಲ್ಲಿ ನೆನೆಸಿದ ಉಜ್ಜುಕಾಗದದಿಂದ ಉಜ್ಜಿದರೆ ಧೂಳು ಏಳದು. ಬಳಿಕ ನಾಣ್ಯವೊಂದರಿಂದ ಕಟ್ಟಿನ ಸುತ್ತಲೂ ತಟ್ಟಿ ಕೇಳಿ. ಗಟ್ಟಿಯಾದಲ್ಲಿ ‘ಟಕ್’ ಎಂಬ ಬಿಗಿ ಸದ್ದು. ಪದರಗಳು ಬಿಟ್ಟಿರುವಲ್ಲಿ ಬೊಳ್ಳು ಸದ್ದು. ಅಂಗಡಿಯಲ್ಲಿ ತೆಂಗಿನಕಾಯಿಯನ್ನು ತಟ್ಟಿ ನೋಡಿ ಕೊಳ್ಳುವವರಿಗೆ ಈ ಪರೀಕ್ಷೆ ಕಷ್ಟವಲ್ಲ.

ದೀಪದ ಕೆಲಸ ಬೆಳಕು

ಕಟ್ಟನ್ನು ಕೂಡಿಸುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಶಾಖ. ಹ್ಯಾಲೊಜನ್ ಬಲ್ಬು 55ರಿಂದ 60 ವಾಟ್ ನುಂಗುತ್ತದೆ. ಅದರ ಬಹುಪಾಲು ಶಾಖವಾಗಿಯೇ ಹೊರಬೀಳುತ್ತದೆ. ಸಾಮಾನ್ಯ ಪಾಲಿಯೆಸ್ಟರ್ ರಾಳ 60ರಿಂದ 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಆದುದರಿಂದ ದೀಪದ ಮುಚ್ಚಳಕ್ಕೂ ಕಟ್ಟಿಗೂ ನಡುವೆ ಕೆಲವು ಮಿಲಿಮೀಟರ್ ಎಡೆ ಬಿಡಬೇಕು. ಗಾಳಿ ಆಡುತ್ತದೆ, ನೀರೂ ನಿಲ್ಲದು.

ಎರಡನೆಯದು ಬೆಳಕು. ಕಟ್ಟಿನ ಅಂಚು ದೀಪದ ಮುಂದಕ್ಕೆ ಚಾಚಿ ಬೆಳಕನ್ನು ತಡೆಯಬಾರದು. ದೀಪದ ಜಾಗ, ಎತ್ತರ, ಬಣ್ಣ, ದಿಕ್ಕು ಬದಲಾಗಬಾರದು. ವಾಹನದ ನೋಂದಣಿಪತ್ರದ ವಿವರಗಳು ತಯಾರಕರ ವಿವರಗಳಿಂದ ಬೇರೆಯಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಸಂದೇಹವಿದ್ದರೆ ಸಾರಿಗೆ ಕಛೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಮೇಲು. ಪರೀಕ್ಷೆ ಸುಲಭ. ಹಳೆಯ ಕಟ್ಟನ್ನು ತೆಗೆಯುವ ಮುನ್ನ, ರಾತ್ರಿ ಕಾರನ್ನು ಗೋಡೆಯೊಂದರೆದುರು ಏಳೆಂಟು ಮೀಟರ್ ದೂರದಲ್ಲಿ ನಿಲ್ಲಿಸಿ, ಗೋಡೆಯ ಮೇಲೆ ಬಿದ್ದ ಬೆಳಕಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿ. ಹೊಸ ಕಟ್ಟನ್ನು ಕೂಡಿಸಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ. ಗೆರೆಯ ಮೇಲೆ ಗೆರೆ ಕೂಡಿದರೆ ಕೆಲಸ ಮುಗಿಯಿತು. ಕೂಡದಿದ್ದರೆ ಕಟ್ಟು ಎಷ್ಟೇ ಅಂದವಾಗಿದ್ದರೂ ಅದನ್ನು ಬಿಚ್ಚಿ ತಿದ್ದಬೇಕು. ಮರವಂತೆಯ ಕತ್ತಲಲ್ಲಿ ಎದುರಿನಿಂದ ಬರುವವನಿಗೆ ಕಾಣುವುದು ಕಟ್ಟಲ್ಲ, ಬೆಳಕು.